ಯುಕಿಕಾಜೆಯ ಕಾಲ್ಗುಣ

ನಮ್ಮ ಊಟದ ಮೇಜಿನ ಮೇಲೆ ಮೂರು ವಾರದಿಂದ ಒಂದು ಯುದ್ಧನೌಕೆ ಲಂಗರು ಹಾಕಿದೆ. ಹದಿನೇಳು ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಹಡಗು. ಅಣ್ಣ ಊರಿಗೆ ಬಂದವನು ನನ್ನ ಮಗನಿಗೆ ತಂದುಕೊಟ್ಟ ಕಿಟ್ ಅದು. ಚಿಕ್ಕ ಚಿಕ್ಕ ಭಾಗಗಳನ್ನು ಕತ್ತರಿಸಿ, ಅಂಟು ಹಾಕಿ ಜೋಡಿಸಬೇಕು. ಅಸಲಿ ಹಡಗಿನ ಏಳುನೂರರಲ್ಲಿ ಒಂದು ಪಾಲಿನ ಅಳತೆ. ಆ ಲೆಕ್ಕದಲ್ಲಿ ಮನುಷ್ಯ ಸಾಸಿವೆ ಕಾಳಿಗಿಂತ ಒಂಚೂರು ಎತ್ತರ, ಅಷ್ಟೇ. ಪೆಟ್ಟಿಗೆಯ ಮೇಲೆ ಜಪಾನಿ ಅಕ್ಷರದಲ್ಲಿ ಹೆಸರಿದೆ: ಯುಕಿಕಾಜೆ. ಹಿಮಗಾಳಿ ಎಂದು ಅರ್ಥ.

"ಇದು ಲಕ್ಕಿ ಶಿಪ್ ಅಂತೆ ಅಮ್ಮಾ, ಮಾವ ಹೇಳಿದ್ರು" ಎಂದ ಮಗ. ಸುಮ್ನೆ ಕುತೂಹಲಕ್ಕೆ ಓದಲು ಕೂತೆ. ಓದುತ್ತ ಹೋದಂತೆ ಹಡಗಿಗಿಂತ ಜಾಸ್ತಿ ನೆನಪಾದದ್ದು ನಮ್ಮ ಅಜ್ಜಿ.

ಅಜ್ಜಿ ತಿಪಟೂರಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದದ್ದು 1942ರ ಬೇಸಿಗೆಯಲ್ಲಿ. ಆಗ ಹದಿನಾಲ್ಕು ವರ್ಷ. ಎರಡನೇ ಮಹಾಯುದ್ಧದ ಕಾಲ. ಆ ಏಪ್ರಿಲ್‌ನಲ್ಲೇ ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದ್ದವು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟು ಓಡಿದ್ದರು. ಮದ್ರಾಸಿನಲ್ಲಿದ್ದ ಅಜ್ಜಿಯ ಭಾವನ ಸಂಸಾರವೂ ಹಾಗೇ ಓಡಿ ಬಂದು ಹಳ್ಳಿ ಸೇರಿತ್ತು. ಹೊಸ ಸೊಸೆ ಹೊಸ್ತಿಲು ದಾಟಿದ ವರ್ಷದೊಳಗೆ ಆ ಭಾವ ಜ್ವರ ಬಂದು ತೀರಿಕೊಂಡರು. ಆಮೇಲೆ ಅತ್ತೆ. ಆಮೇಲೆ ಒಂದು ಜೊತೆ ಎತ್ತು. ಕಾಲ್ಗುಣ ಸರಿಯಿಲ್ಲ ಎಂದು ಊರು ತೀರ್ಮಾನ ಮಾಡಿತು. ಮುಂದೆ ಅಜ್ಜಿ ಗಂಡನನ್ನು ಕಳೆದುಕೊಂಡಳು, ಇಬ್ಬರು ಮಕ್ಕಳನ್ನು ಕಳೆದುಕೊಂಡಳು, ತಾನು ಮಾತ್ರ ತೊಂಬತ್ತಮೂರು ವರ್ಷ ಬದುಕಿದಳು. ಕಣ್ಣು ಮಂಜಾಗಲಿಲ್ಲ, ಸೊಂಟ ಬಾಗಲಿಲ್ಲ. "ಗಟ್ಟಿ ಜೀವ" ಎಂದವರೂ ಇದ್ದರು. "ಎಲ್ಲರನ್ನೂ ತಿಂದುಕೊಂಡವಳು" ಎಂದವರೂ ಇದ್ದರು. ಒಮ್ಮೊಮ್ಮೆ ಎರಡೂ ಮಾತು ಒಂದೇ ಬಾಯಿಂದ ಬರುತ್ತಿತ್ತು.

ಯುಕಿಕಾಜೆಗೂ ಹೀಗೇ ಆಯಿತು.

ಈ ಹಡಗು ಕಾಗೆರೊ ಎಂಬ ವರ್ಗದ್ದು. ಹೆಸರು ಕೇಳಿ ಮಗ ಕಾಗೆ ಎಂದು ನಕ್ಕ. ಡಿಸ್ಟ್ರಾಯರ್ ಎಂದರೆ ದೊಡ್ಡ ಹಡಗುಗಳ ಜೊತೆ ಓಡಾಡುವ ಚಿಕ್ಕ, ವೇಗದ ಯುದ್ಧನೌಕೆ. ಒಟ್ಟು 19 ಡಿಸ್ಟ್ರಾಯರ್‌ಗಳನ್ನು ಒಂದೇ ಅಚ್ಚಿನಲ್ಲಿ ಕಟ್ಟಿದರು. ಯುಕಿಕಾಜೆಯ ಕೆಲಸ ಶುರುವಾದದ್ದು 1938ರ ಆಗಸ್ಟ್‌ನಲ್ಲಿ, ಸಾಸೆಬೊ ನೌಕಾ ಕಾರ್ಖಾನೆಯಲ್ಲಿ. 1940ರ ಜನವರಿ 20ಕ್ಕೆ ಸೇವೆಗೆ ಸೇರಿತು. ಉದ್ದ 118.5 ಮೀಟರ್, ಅಗಲ ಹನ್ನೊಂದು ಮೀಟರೂ ಇಲ್ಲ. ತೂಕ ಸುಮಾರು 2,000 ಟನ್. ಅಷ್ಟು ತೆಳು ಒಡಲಿನೊಳಗೆ 52,000 ಅಶ್ವಶಕ್ತಿಯ ಯಂತ್ರ, 35 ನಾಟ್ ವೇಗ. ಅಂದರೆ ಸಮುದ್ರದ ಮೇಲೆ ಗಂಟೆಗೆ 65 ಕಿಲೋಮೀಟರ್. 127 ಮಿಲಿಮೀಟರಿನ ಆರು ತೋಪು. ಎಂಟು ಟಾರ್ಪಿಡೋ ಕೊಳವೆ. ಸುಮಾರು 240 ಜನ.

ಟಾರ್ಪಿಡೋ, ಅಂದರೆ ನೀರೊಳಗೆ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಆಯುಧ, ಅದರ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಈ ಹಡಗನ್ನು ಕಟ್ಟಿದ್ದೇ ಅದಕ್ಕಾಗಿ. ಬೇರೆ ದೇಶಗಳ ಟಾರ್ಪಿಡೋಗಳು ಒತ್ತಿ ತುಂಬಿದ ಗಾಳಿಯಿಂದ ಓಡುತ್ತಿದ್ದವು. ಜಪಾನಿನವರು ಶುದ್ಧ ಆಮ್ಲಜನಕ ತುಂಬಿದರು. ಆಮ್ಲಜನಕ ಎಂದರೆ ಎಣ್ಣೆಯ ಪಸೆ ತಗುಲಿದರೂ ಸಿಡಿಯುವ ವಸ್ತು. ಅದನ್ನು ಪಳಗಿಸಲು ಅವರಿಗೆ ವರ್ಷಗಳೇ ಹಿಡಿದವು. ಫಲ ಏನಾಯಿತು? ಅರ್ಧ ಟನ್ನಿಗೆ ಸ್ವಲ್ಪ ಕಮ್ಮಿ ಸಿಡಿಮದ್ದು ಹೊತ್ತು, 20 ಕಿಲೋಮೀಟರ್ ದೂರಕ್ಕೆ, ನೀರಿನ ಮೇಲೆ ಗುಳ್ಳೆಗಳ ಗೆರೆಯನ್ನೂ ಹೆಚ್ಚು ಬಿಡದೆ ಹೋಗುವ ಆಯುಧ. ಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದವರಿಗೆ ಇದು ಇಷ್ಟು ದೂರದಿಂದ ಬರುತ್ತಿದೆ ಎಂದೇ ಗೊತ್ತಾಗಲಿಲ್ಲ.

ಆದರೆ ನಿಜಕ್ಕೂ ಈ ಹಡಗು ಮಾಡಿದ ಕೆಲಸ ನೋಡಿದರೆ ಡಿಸ್ಟ್ರಾಯರ್ ಎಂಬ ಹೆಸರೇ ಸ್ವಲ್ಪ ಮೋಸ ಅನ್ನಿಸುತ್ತದೆ. ಮದುವೆ ಮನೆಯಲ್ಲಿ ಓಡಾಡುವ ಹುಡುಗರಿರುತ್ತಾರಲ್ಲ, ಹಾಲು ತಾ, ಹಾರ ತಾ, ಅಜ್ಜನನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬಾ, ಹಾಗೆ. ದೊಡ್ಡ ಹಡಗಿಗೆ ಕಾವಲು ಹೋಗು. ಸೈನಿಕರನ್ನು ದಡ ಮುಟ್ಟಿಸು. ಅಕ್ಕಿ ಒಯ್ದು ಕೊಡು. ಮುಳುಗಿದವರನ್ನು ಎತ್ತಿಕೊಂಡು ಬಾ. ಈ ಕೊನೆಯ ಕೆಲಸ ಯುಕಿಕಾಜೆಗೆ ಎಷ್ಟು ಸಲ ಬಂತೋ!

ಮೊದಲ ತಿಂಗಳುಗಳಲ್ಲಿ ಹಾಗಿರಲಿಲ್ಲ. 1941ರ ಡಿಸೆಂಬರ್‌ನಲ್ಲಿ ಫಿಲಿಪೈನ್ಸಿನ ಲೆಗಾಸ್ಪಿಗೆ ಸೈನ್ಯ ಇಳಿಸುವ ಗುಂಪಿನಲ್ಲಿ ಅದು ಹೋಯಿತು. ಆಮೇಲೆ ಡಚ್ಚರ ದ್ವೀಪಗಳು: ಮೆನಾಡೊ, ಕೆಂಡಾರಿ, ಅಂಬಾನ್, ತಿಮೋರ್. 1942ರ ಫೆಬ್ರುವರಿ 27ರಂದು ಜಾವಾ ಸಮುದ್ರದ ಕಾಳಗ. ಎಲ್ಲ ಕಡೆ ಗೆಲುವು. ಪುಸ್ತಕಗಳು ಈ ಪಟ್ಟಿಯನ್ನು ಸರಸರ ಹೇಳಿ ಮುಂದೆ ಹೋಗುತ್ತವೆ. ನಾನು ಅಂಬಾನ್ ಹೆಸರಿನ ಹತ್ತಿರ ನಿಂತೆ. ಆ ದ್ವೀಪ ಶರಣಾದ ಮೇಲೆ ಲಾಹಾ ಎಂಬ ವಿಮಾನ ನಿಲ್ದಾಣದ ಬಳಿ ಜಪಾನಿ ನೌಕಾಪಡೆಯವರು 300ಕ್ಕೂ ಹೆಚ್ಚು ಆಸ್ಟ್ರೇಲಿಯನ್ ಮತ್ತು ಡಚ್ ಸೆರೆಯಾಳುಗಳನ್ನು ಕೊಂದರು. ಯುಕಿಕಾಜೆಯ ನಾವಿಕರು ಕೊಂದರು ಎಂದಲ್ಲ. ಆದರೆ ಕೊಂದವರಿಗೆ ಕಾವಲಾಗಿ ದಾರಿ ಮಾಡಿಕೊಟ್ಟ ಹಡಗುಗಳಲ್ಲಿ ಇದೂ ಒಂದು. ಅದೃಷ್ಟದ ಹಡಗು ಎಂದು ಮುದ್ದು ಮಾಡುವವರು ಈ ಪುಟವನ್ನು ಬಿಟ್ಟು ಓದುತ್ತಾರೆ.

ಅಜ್ಜಿ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಒದ್ದು ಒಳಗೆ ಬಂದ ಬೇಸಿಗೆ ಅದು. ನಮ್ಮ ಕರಾವಳಿಯ ಕಡೆ ಬಂದದ್ದು ಜಪಾನಿನ ಬೇರೆ ಹಡಗುಗಳು. ಯುಕಿಕಾಜೆ ಬರಲಿಲ್ಲ.

ಜೂನ್‌ನಲ್ಲಿ ಪೆಸಿಫಿಕ್ ಸಾಗರದ ನಡುವಿನ ಮಿಡ್‌ವೇ ದ್ವೀಪದ ಕಾಳಗ. ಅಲ್ಲಿ ಅದು ಸೈನಿಕರನ್ನು ಹೊತ್ತ ಹಡಗುಗಳ ಕಾವಲಿಗೆ ಹಿಂದೆಯೇ ಉಳಿದಿತ್ತು. ಜಪಾನ್ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡ ದಿನ ಇದಕ್ಕೆ ಒಂದು ಗೀರೂ ಆಗಲಿಲ್ಲ. ಕಥೆ ತಿರುಗಿದ್ದು ಆ ನವೆಂಬರ್‌ನಲ್ಲಿ, ಗ್ವಾಡಲ್‌ಕೆನಾಲ್ ದ್ವೀಪದ ಬಳಿ. ನವೆಂಬರ್ 13ರ ನಡುರಾತ್ರಿ ಕಳೆದ ಮೇಲೆ ಎರಡೂ ಕಡೆಯ ಹಡಗುಗಳು ಕತ್ತಲಲ್ಲಿ ಒಂದರೊಳಗೊಂದು ನುಗ್ಗಿಬಿಟ್ಟವು. ಬೆಳಗಾದಾಗ ಹಿಯೆಯ್ ಎಂಬ ಜಪಾನಿನ ದೊಡ್ಡ ಯುದ್ಧನೌಕೆ ಚುಕ್ಕಾಣಿ ಕೆಟ್ಟು, ಒಂದೇ ಕಡೆ ಸುತ್ತುತ್ತ ನಿಂತಿತ್ತು. ಗಾಣದೆತ್ತಿನ ಹಾಗೆ. ಅಡ್ಮಿರಲ್ ಅಬೆ ಹಿರೊಯಾಕಿ ತನ್ನ ಬಾವುಟವನ್ನು ಅದರಿಂದ ಇಳಿಸಿ ಯುಕಿಕಾಜೆಗೆ ಬಂದರು. ಇಡೀ ದಿನ ವಿಮಾನಗಳು ಹಿಯೆಯ್ ಮೇಲೆ ಎರಗಿದವು. ಯುಕಿಕಾಜೆಗೂ ಸಣ್ಣ ಪೆಟ್ಟಾಯಿತು. ಸಂಜೆಯ ಹೊತ್ತಿಗೆ ಹಿಯೆಯ್ ಜನರನ್ನು ಡಿಸ್ಟ್ರಾಯರ್‌ಗಳಿಗೆ ಇಳಿಸಿಕೊಂಡು, ಆ ಹಡಗನ್ನು ಮುಳುಗಲು ಬಿಟ್ಟರು. ಈ ಯುದ್ಧದಲ್ಲಿ ಜಪಾನ್ ಕಳೆದುಕೊಂಡ ಮೊದಲ ಬ್ಯಾಟಲ್‌ಶಿಪ್ ಅದು.

ಇಲ್ಲಿಂದ ಮುಂದೆ ಇದೇ ಚಿತ್ರ ಮತ್ತೆ ಮತ್ತೆ. ದೊಡ್ಡದು ಮುಳುಗುತ್ತದೆ. ಚಿಕ್ಕದು ಅದರ ಪಕ್ಕದಲ್ಲಿ ನಿಂತು ಹಗ್ಗ ಎಸೆಯುತ್ತದೆ.

1943ರ ಫೆಬ್ರುವರಿಯಲ್ಲಿ ಗ್ವಾಡಲ್‌ಕೆನಾಲ್‌ನಿಂದ ಉಳಿದ ಸೈನಿಕರನ್ನು ಕದ್ದು ತರುವ ಕೆಲಸ ಬಂತು. ಮೂರು ರಾತ್ರಿ ಡಿಸ್ಟ್ರಾಯರ್‌ಗಳ ಸಾಲು ಹೋಗಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ತಂದಿತು. ಯುಕಿಕಾಜೆ ಅದರಲ್ಲಿತ್ತು. ಆ ದ್ವೀಪವನ್ನು ಜಪಾನಿನವರು ಹಸಿವಿನ ದ್ವೀಪ ಎನ್ನುತ್ತಿದ್ದರು. ಹಗ್ಗದ ಏಣಿ ಹತ್ತಲು ಕೈಯಲ್ಲಿ ಬಲವಿಲ್ಲದವರನ್ನು ನಾವಿಕರು ಮೇಲಕ್ಕೆ ಎಳೆದುಕೊಂಡರು. ರಾತ್ರಿ ಹೋಗಿ ಬೆಳಗಾಗುವುದರೊಳಗೆ ಓಡಿ ಬರುವ ಈ ಓಡಾಟಕ್ಕೆ ಅವರಿಟ್ಟ ಹೆಸರು ಇಲಿ ಸಾಗಣೆ. ಟಾರ್ಪಿಡೋ ಹೊಡೆಯುವುದಕ್ಕೆಂದು ವರ್ಷಗಟ್ಟಲೆ ಪಳಗಿದವರು ತಮ್ಮನ್ನೇ ಇಲಿ ಎಂದು ಕರೆದುಕೊಂಡರು.

ಮುಂದಿನ ತಿಂಗಳೇ ಬಿಸ್ಮಾರ್ಕ್ ಸಮುದ್ರ. ಸುಮಾರು 6,900 ಸೈನಿಕರನ್ನು ಎಂಟು ಸಾಗಣೆ ಹಡಗುಗಳಲ್ಲಿ ರಬೌಲ್‌ನಿಂದ ನ್ಯೂಗಿನಿಯ ಲೇ ಎಂಬ ಊರಿಗೆ ಒಯ್ಯುತ್ತಿದ್ದರು. ಕಾವಲಿಗೆ ಎಂಟು ಡಿಸ್ಟ್ರಾಯರ್. ಮಾರ್ಚ್ 2ರಂದು ಮೊದಲ ಸಾಗಣೆ ಹಡಗು ಮುಳುಗಿತು. ಯುಕಿಕಾಜೆ ಮತ್ತು ಅಸಾಗುಮೊ ಅದರಿಂದ ನೂರಾರು ಜನರನ್ನು ಎತ್ತಿಕೊಂಡು, ರಾತ್ರೋರಾತ್ರಿ ಲೇ ತಲುಪಿಸಿ, ಮತ್ತೆ ಗುಂಪಿಗೆ ಮರಳಿದವು. ಮಾರ್ಚ್ 3ರ ಬೆಳಗ್ಗೆ ಅಮೆರಿಕ ಮತ್ತು ಆಸ್ಟ್ರೇಲಿಯದ ವಿಮಾನಗಳು ಬಂದವು. ನೀರಿನ ಮಟ್ಟಕ್ಕೆ ಇಳಿದು, ಕೆರೆಯಲ್ಲಿ ಹುಡುಗರು ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸುತ್ತಾರಲ್ಲ, ಹಾಗೆ ಬಾಂಬುಗಳನ್ನು ನೀರಿನ ಮೇಲೆ ಕುಪ್ಪಳಿಸಿ ಹಡಗಿನ ಪಕ್ಕೆಗೆ ಹೊಡೆದವು. ಎಂಟೂ ಸಾಗಣೆ ಹಡಗು ಹೋದವು. ಎಂಟರಲ್ಲಿ ನಾಲ್ಕು ಡಿಸ್ಟ್ರಾಯರ್ ಹೋದವು. ಅವುಗಳಲ್ಲಿ ತೊಕಿತ್ಸುಕಾಜೆ ಯುಕಿಕಾಜೆಯದೇ ತುಕಡಿಯ ಜೊತೆಗಾತಿ. ಅದರ ಜನರನ್ನು ಯುಕಿಕಾಜೆಯೇ ಇಳಿಸಿಕೊಂಡಿತು.

ಅಲ್ಲಿ ನಡೆದದ್ದು ಓದಿದರೆ ಯಾವ ಕಡೆಯವರ ಮೇಲೂ ಪ್ರೀತಿ ಉಳಿಯುವುದಿಲ್ಲ. ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಅಮೆರಿಕನ್ ವಿಮಾನಿಕರನ್ನು ಜಪಾನಿ ವಿಮಾನಗಳು ಗುಂಡಿಟ್ಟು ಕೊಂದವು. ಆಮೇಲಿನ ದಿನಗಳಲ್ಲಿ ನೀರಿನಲ್ಲಿ ತೇಲುತ್ತಿದ್ದ ಜಪಾನಿನವರನ್ನು, ಅವರ ದೋಣಿಗಳನ್ನು, ಮಿತ್ರಪಡೆಯ ವಿಮಾನಗಳು ಮತ್ತು ದೋಣಿಗಳು ಹುಡುಕಿ ಹುಡುಕಿ ಹೊಡೆದವು.

ಆ ಜುಲೈಯಲ್ಲಿ, ಕೊಲೊಂಬಾಂಗರಾ ದ್ವೀಪದ ಬಳಿ, ಈ ಹಡಗು ಕೊನೆಗೂ ತಾನು ಹುಟ್ಟಿದ ಕೆಲಸ ಮಾಡಿತು. ಜುಲೈ 12ರ ರಾತ್ರಿ ಜಿಂತ್ಸು ಎಂಬ ಕ್ರೂಸರ್, ಅಂದರೆ ಡಿಸ್ಟ್ರಾಯರಿಗಿಂತ ದೊಡ್ಡ ಯುದ್ಧನೌಕೆ, ಮುಂದೆ, ಡಿಸ್ಟ್ರಾಯರ್‌ಗಳು ಹಿಂದೆ. ಜಿಂತ್ಸು ಸರ್ಚ್‌ಲೈಟ್ ಹಾಕಿತು. ಕತ್ತಲಲ್ಲಿ ದೀಪ ಹಚ್ಚಿದವನೇ ಗುರಿಯಾಗುತ್ತಾನೆ. ಅಮೆರಿಕದ ಕ್ರೂಸರ್‌ಗಳ ಗುಂಡೆಲ್ಲ ಅದರ ಮೇಲೆ ಬಿತ್ತು, ಅಡ್ಮಿರಲ್ ಇಝಾಕಿ ಶುಂಜಿಯೂ ಸತ್ತರು. ಅಷ್ಟರೊಳಗೆ ಡಿಸ್ಟ್ರಾಯರ್‌ಗಳು ಟಾರ್ಪಿಡೋ ಬಿಟ್ಟು ಕತ್ತಲಿಗೆ ಸರಿದಿದ್ದವು. ನ್ಯೂಜಿಲೆಂಡಿನ ಲಿಯಾಂಡರ್ ಕ್ರೂಸರ್‌ಗೆ ಪೆಟ್ಟಾಯಿತು. ಬೇರೆ ಯಾವ ನೌಕಾಪಡೆಯಾದರೂ ಅಲ್ಲಿಗೆ ಮನೆಗೆ ಹೋಗುತ್ತಿತ್ತು, ಏಕೆಂದರೆ ಕೊಳವೆ ಖಾಲಿ. ಇವರು ಕತ್ತಲಲ್ಲಿ ಓಡುತ್ತಲೇ, ಎರಡೂವರೆ ಟನ್ನಿಗೂ ಮೀರಿದ ಒಂದೊಂದು ಟಾರ್ಪಿಡೋವನ್ನೂ ಮತ್ತೆ ಕೊಳವೆಗೆ ತುಂಬಿಕೊಂಡರು. ತುಂಬಿಕೊಂಡು ವಾಪಸ್ ಬಂದರು. ರಾಡಾರಿನಲ್ಲಿ ಕಾಣುತ್ತಿರುವ ಚುಕ್ಕಿಗಳು ತನ್ನವೋ ಶತ್ರುವಿನವೋ ಎಂದು ಅಮೆರಿಕದ ಅಡ್ಮಿರಲ್ ಅನುಮಾನ ಮಾಡಿ ಕೂತ ಕೆಲವೇ ನಿಮಿಷಗಳಲ್ಲಿ ಎರಡನೇ ಸುತ್ತಿನ ಟಾರ್ಪಿಡೋಗಳು ತಲುಪಿದವು. ಸೇಂಟ್ ಲೂಯಿಸ್, ಹೊನಲುಲು ಎಂಬ ಎರಡು ಕ್ರೂಸರ್‌ಗಳ ಮೂತಿ ಹಾರಿತು. ಗ್ವಿನ್ ಎಂಬ ಡಿಸ್ಟ್ರಾಯರ್ ಮುಳುಗಿತು.

ಇದು ಅದೃಷ್ಟವೇ? ನನಗೆ ಹಾಗನ್ನಿಸುವುದಿಲ್ಲ. ಇದು ಕತ್ತಲಲ್ಲಿ ಕೈ ತಡವರಿಸದೆ ಕೆಲಸ ಮಾಡುವಷ್ಟು ಸಲ ಮಾಡಿ ಮಾಡಿ ಬಂದದ್ದು. ಅಜ್ಜಿಯ ಬಗ್ಗೆ "ಗಟ್ಟಿ ಜೀವ" ಎಂದವರು ಆಕೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎಷ್ಟು ದೂರದಿಂದ ನೀರು ಹೊರುತ್ತಿದ್ದಳು ಎಂದು ಯಾವತ್ತೂ ಹೇಳಲಿಲ್ಲ.

1943ರ ಕೊನೆಗೆ ತೆರಾಉಚಿ ಮಸಾಮಿಚಿ ಎಂಬ ಹೊಸ ಕ್ಯಾಪ್ಟನ್ ಬಂದರು. ಫೋಟೋದಲ್ಲಿ ನೋಡಬೇಕು. ದಪ್ಪ ಮೈ, ಎರಡೂ ಕಡೆ ಚಾಚಿದ ಗಿರಿಜಾ ಮೀಸೆ. ನಮ್ಮ ಕಡೆಯ ಹಳೇ ಶಾನುಭೋಗರನ್ನು ಸಮವಸ್ತ್ರ ತೊಡಿಸಿ ನಿಲ್ಲಿಸಿದಂತಿದೆ. ಇವರ ಕಾಲದಲ್ಲೇ ಹಡಗಿನ ಹೆಸರು ಎರಡು ರೀತಿಯಲ್ಲೂ ಹಬ್ಬಿದ್ದು.

1944ರ ಅಕ್ಟೋಬರ್‌ನಲ್ಲಿ ಫಿಲಿಪೈನ್ಸಿನ ಲೇಟೆ ಕೊಲ್ಲಿಯ ಯುದ್ಧ. ಸಮಾರ್ ದ್ವೀಪದ ಎದುರು ಅಮೆರಿಕದ ಸಣ್ಣ ಡಿಸ್ಟ್ರಾಯರ್ ಜಾನ್‌ಸ್ಟನ್, ತನಗಿಂತ ಎಷ್ಟೋ ದೊಡ್ಡ ಹಡಗುಗಳ ಗುಂಪಿಗೆ ಒಂಟಿಯಾಗಿ ನುಗ್ಗಿತು. ಕೊನೆಗೆ ಜಪಾನಿ ಡಿಸ್ಟ್ರಾಯರ್‌ಗಳು ಸುತ್ತುವರಿದು ಅದನ್ನು ಮುಳುಗಿಸಿದವು. ಬದುಕುಳಿದ ಅಮೆರಿಕನ್ನರು ಆಮೇಲೆ ಒಂದು ಮಾತು ಹೇಳಿದರು: ತಾವು ನೀರಿನಲ್ಲಿದ್ದಾಗ ಪಕ್ಕದಲ್ಲಿ ಹಾದುಹೋದ ಜಪಾನಿ ಹಡಗಿನ ಅಧಿಕಾರಿ, ಮುಳುಗುತ್ತಿದ್ದ ಜಾನ್‌ಸ್ಟನ್‌ಗೆ ಸೆಲ್ಯೂಟ್ ಹೊಡೆದ ಎಂದು. ಆ ಹಡಗು ಯುಕಿಕಾಜೆಯೇ ಎನ್ನುವವರಿದ್ದಾರೆ. ಹೆಸರು ಮಾಡಿದವರ ಹೆಗಲಿಗೆ ಇಂಥ ಕಥೆಗಳು ತಾವಾಗಿಯೇ ಬಂದು ಕೂರುತ್ತವೆ, ಅಲ್ವಾ? ಮಗನಿಗೆ ಮಾತ್ರ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ.

ಆಮೇಲಿನ ಐದು ತಿಂಗಳು ನೋಡಿ. ನವೆಂಬರ್ 21ರಂದು ಯುಕಿಕಾಜೆ ಜೊತೆಗಿದ್ದ ದೊಡ್ಡ ಯುದ್ಧನೌಕೆ ಕೊಂಗೊ, ತೈವಾನಿನ ಹತ್ತಿರ ಅಮೆರಿಕದ ಸಬ್‌ಮರೀನಿನ ಟಾರ್ಪಿಡೋಗೆ ಸಿಕ್ಕಿ ಮುಳುಗಿತು. ಅದೇ ದಾಳಿಯಲ್ಲಿ ಕಾಗೆರೊ ವರ್ಗದ ಉರಾಕಾಜೆ, ಒಬ್ಬರೂ ಉಳಿಯದಂತೆ ಹೋಯಿತು. ವಾರ ಕಳೆಯಿತು. ನವೆಂಬರ್ 28ರ ಸಂಜೆ ಯೊಕೊಸುಕಾದಿಂದ ಶಿನಾನೊ ಹೊರಟಿತು. ಅದುವರೆಗೆ ಜಗತ್ತು ಕಂಡ ಅತಿ ದೊಡ್ಡ ವಿಮಾನವಾಹಕ ಅದು, 266 ಮೀಟರ್ ಉದ್ದ. ಸೇವೆಗೆ ಸೇರಿ ಹತ್ತು ದಿನವೂ ತುಂಬಿರಲಿಲ್ಲ. ಕೆಲಸಗಾರರು ಇನ್ನೂ ಒಳಗೇ ಇದ್ದರು. ಕಾವಲಿಗೆ ಇಸೊಕಾಜೆ, ಹಮಾಕಾಜೆ, ಯುಕಿಕಾಜೆ. ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಆರ್ಚರ್‌ಫಿಶ್ ಎಂಬ ಸಬ್‌ಮರೀನಿನ ನಾಲ್ಕು ಟಾರ್ಪಿಡೋ ತಗುಲಿದವು. ಅಷ್ಟು ದೊಡ್ಡ ಹಡಗು ನಾಲ್ಕಕ್ಕೆ ಹೋಗಬಾರದಿತ್ತು. ಆದರೆ ಒಳಗಿನ ಗೋಡೆಗಳ ನೀರು ತಡೆಯುವ ಕೆಲಸ ಪೂರ್ತಿಯಾಗಿರಲಿಲ್ಲ. ಬೆಳಗ್ಗೆ ಹನ್ನೊಂದು ಗಂಟೆಯೊಳಗೆ ಮುಳುಗಿತು. 1,435 ಜನ ಸತ್ತರು. 1,080 ಜನರನ್ನು ಕಾವಲಿನ ಹಡಗುಗಳು ಎತ್ತಿಕೊಂಡವು. ಬದುಕಿದವರನ್ನು ಮನೆಗೆ ಕಳಿಸಲಿಲ್ಲ. ಸುದ್ದಿ ಹೊರಬೀಳಬಾರದೆಂದು ಕುರೆ ಬಂದರಿನ ಹತ್ತಿರದ ದ್ವೀಪವೊಂದರಲ್ಲಿ ಜನವರಿವರೆಗೆ ಕೂಡಿಹಾಕಿದರು.

ಆ ಹೊತ್ತಿಗೆ ನಾವಿಕರ ಬಾಯಲ್ಲಿ ಮಾತು ಓಡಾಡತೊಡಗಿತ್ತು. ಇದು ಅದೃಷ್ಟದ ಹಡಗಲ್ಲ, ಪಕ್ಕದವರ ಅದೃಷ್ಟ ತಿಂದು ಬದುಕುವ ಹಡಗು. ಅವರು ಬಳಸಿದ ಪದ ಯಾಕುಬ್ಯೋಗಾಮಿ. ಸಾಂಕ್ರಾಮಿಕ ರೋಗ ತರುವ ದೇವತೆ. ಪ್ಲೇಗಮ್ಮನಿಗೆ ಗುಡಿ ಕಟ್ಟಿಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಇನ್ನೂ ನೇರವಾದ ಪದ ಇದೆ. ಕಾಲ್ಗುಣ.

"ಹಡಗಿಗೆ ಕಾಲೆಲ್ಲಿದೆ?" ಎಂದು ಮಗ ಕೇಳಿದ.

ಒಂದು ನಿಮಿಷ ಕೂತು ಯೋಚಿಸಿದರೆ ಸಾಕು, ಈ ಲೆಕ್ಕ ತಲೆಕೆಳಗೆ ಎಂದು ಗೊತ್ತಾಗುತ್ತದೆ. ಯುಕಿಕಾಜೆ ಬಂದದ್ದಕ್ಕೆ ಉಳಿದವು ಮುಳುಗಲಿಲ್ಲ. ಆ ಹೊತ್ತಿಗೆ ಎಲ್ಲವೂ ಮುಳುಗುತ್ತಿದ್ದವು. ಮುಳುಗದೆ ಉಳಿದ ಒಂದು ಹಡಗು ಎಲ್ಲ ಸಾವಿನ ಪಕ್ಕದಲ್ಲೂ ಕಾಣಿಸಲೇಬೇಕು. ಪ್ರತಿ ಸಲ ನೋಡಲು ಬದುಕಿದ್ದದ್ದು ಅದೊಂದೇ. ತೊಂಬತ್ತಮೂರು ವರ್ಷ ಬದುಕಿದವಳು ಮನೆಯ ಎಲ್ಲ ಹೆಣದ ಪಕ್ಕದಲ್ಲೂ ಕೂತಿರಲೇಬೇಕು. ಮತ್ತೆಲ್ಲಿ ಹೋಗಬೇಕಿತ್ತು?

1945ರ ಏಪ್ರಿಲ್ 6. ಯಮಾತೊ, ಆ ಕಾಲದ ಅತಿ ದೊಡ್ಡ ಬ್ಯಾಟಲ್‌ಶಿಪ್, ಒಕಿನಾವಾ ಕಡೆ ಹೊರಟಿತು. ವಿಮಾನಗಳ ಕಾವಲಿಲ್ಲ. ಯೋಜನೆ ಇದ್ದದ್ದೇ ದಡಕ್ಕೆ ನುಗ್ಗಿ, ಮರಳಲ್ಲಿ ಹೂತು, ಸಾಯುವವರೆಗೆ ಗುಂಡು ಹಾರಿಸುವುದು. ಜೊತೆಗೆ ಯಹಾಗಿ ಎಂಬ ಕ್ರೂಸರ್ ಮತ್ತು ಎಂಟು ಡಿಸ್ಟ್ರಾಯರ್. ಮರುದಿನ ಮಧ್ಯಾಹ್ನ ಅಮೆರಿಕದ ಮುನ್ನೂರಕ್ಕೂ ಹೆಚ್ಚು ವಿಮಾನಗಳು ಅಲೆ ಅಲೆಯಾಗಿ ಬಂದವು.

ತೆರಾಉಚಿ ಆ ದಿನ ಮಾಡಿದ್ದು ಮಾತ್ರ ಕಣ್ಣಿಗೆ ಕಟ್ಟುವಂತಿದೆ. ಹಡಗಿನ ಬ್ರಿಡ್ಜ್‌ನ, ಅಂದರೆ ಹಡಗು ನಡೆಸುವ ಕೋಣೆಯ, ಚಾವಣಿಯಲ್ಲಿ ಒಂದು ಕಿಂಡಿ ಇತ್ತು. ಅದರೊಳಗಿಂದ ತಲೆ ಹೊರಹಾಕಿ, ಆಕಾಶ ನೋಡುತ್ತ ನಿಂತರು. ಕಾಲ ಕೆಳಗೆ ನ್ಯಾವಿಗೇಟರ್. ಬಾಂಬು ವಿಮಾನದಿಂದ ಕಳಚಿದ್ದು ಕಂಡ ತಕ್ಷಣ ಅದರ ದಾರಿ ಅಂದಾಜು ಮಾಡಿ, ಬಲಕ್ಕೆ ತಿರುಗಬೇಕಾದರೆ ನ್ಯಾವಿಗೇಟರನ ಬಲ ಭುಜಕ್ಕೆ ಒದೆಯುವುದು, ಎಡಕ್ಕೆ ತಿರುಗಬೇಕಾದರೆ ಎಡ ಭುಜಕ್ಕೆ. ಆ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ಹೀಗೆ ಒದ್ದು ಒದ್ದು ಎರಡು ಸಾವಿರ ಟನ್ನಿನ ಹಡಗನ್ನು ಬಾಂಬುಗಳ ಸಂದಿಯಲ್ಲಿ ನುಸುಳಿಸಿದರು. ಬಡಿದ ಒಂದು ರಾಕೆಟ್ ಸಿಡಿಯಲೇ ಇಲ್ಲ. ಸರಿ, ಅದು ಅದೃಷ್ಟವೇ. ಒಪ್ಪಿಕೊಳ್ಳೋಣ. ಕಾಲ್ಗುಣ ಅನ್ನಲೇಬೇಕಾದರೆ ಅದು ತೆರಾಉಚಿಯ ಕಾಲಿನದು ಎಂದು ಮಗನಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕ.

ಮಧ್ಯಾಹ್ನ 2 ಗಂಟೆ 23 ನಿಮಿಷಕ್ಕೆ ಯಮಾತೊ ಮಗುಚಿ ಸಿಡಿಯಿತು. ಅದರಲ್ಲಿದ್ದ ಮೂರು ಸಾವಿರಕ್ಕೂ ಮೀರಿದ ಜನರಲ್ಲಿ ಬದುಕಿದವರು ಮುನ್ನೂರೂ ಇಲ್ಲ. ಯಹಾಗಿ ಮುಳುಗಿತ್ತು. ಡಿಸ್ಟ್ರಾಯರ್‌ಗಳಲ್ಲಿ ಅಸಾಶಿಮೊ, ಹಮಾಕಾಜೆ, ಕಸುಮಿ, ಇಸೊಕಾಜೆ ಹೋದವು. ಇಸೊಕಾಜೆ ಪೂರ್ತಿ ಮುಳುಗಿರಲಿಲ್ಲ, ನಡೆಯಲಾರದೆ ನಿಂತಿತ್ತು. ಅದರ ಜನರನ್ನು ಇಳಿಸಿಕೊಂಡು, ರಾತ್ರಿ ಯುಕಿಕಾಜೆಯೇ ಗುಂಡು ಹಾರಿಸಿ ಅದನ್ನು ಮುಳುಗಿಸಿತು. ಶಿನಾನೊ ಕಾವಲಿಗೆ ಹೋದ ಮೂವರಲ್ಲಿ ಉಳಿದದ್ದು ಇದೊಂದೇ. ಯುಕಿಕಾಜೆಯಲ್ಲಿ ಆ ದಿನ ಸತ್ತವರು ಮೂವರು. ತನ್ನ ಸ್ವಂತ ಜನಕ್ಕಿಂತ ಬೇರೆ ಹಡಗಿನವರೇ ಜಾಸ್ತಿ ಕಣ್ಣಿಗೆ ಬೀಳುವಂತೆ, ಎಣ್ಣೆ ಮೆತ್ತಿದ ಮೈಗಳನ್ನು ಡೆಕ್ ತುಂಬ ಮಲಗಿಸಿಕೊಂಡು ಸಾಸೆಬೊಗೆ ಮರಳಿತು.

ಯುದ್ಧ ಮುಗಿಯುವ ಎರಡು ವಾರ ಮೊದಲು, ಜುಲೈ 30ರಂದು ಮಿಯಾಝು ಕೊಲ್ಲಿಯಲ್ಲಿ ಮತ್ತೊಮ್ಮೆ. ಈ ಸಲ ನೀರಿನಡಿಯ ಸ್ಫೋಟಕಕ್ಕೆ ಸಿಕ್ಕಿದ್ದು ಪಕ್ಕದ ಹತ್ಸುಶಿಮೊ. ಆಗಸ್ಟ್ 15ಕ್ಕೆ ಲೆಕ್ಕ ನೋಡಿದರೆ, ಕಾಗೆರೊ ವರ್ಗದ 19 ಹಡಗುಗಳಲ್ಲಿ ಉಳಿದದ್ದು ಒಂದು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇಲ್ಲಿಂದ ಮುಂದಿನದೇ ಹೆಚ್ಚು ಇಷ್ಟ.

ಜಪಾನ್ ಸೋತಾಗ ಅದರ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಲ್ಲಿದ್ದರು. ಕರೆತರಲು ಹಡಗುಗಳೇ ಇರಲಿಲ್ಲ. ತೇಲುತ್ತಿದ್ದ ಯಾವುದಾದರೂ ಸರಿ ಎಂದು ಯುಕಿಕಾಜೆಯ ತೋಪು, ಟಾರ್ಪಿಡೋ ಕೊಳವೆಗಳನ್ನೆಲ್ಲ ಕಳಚಿ, ಡೆಕ್ ಮೇಲೆ ಜನ ಮಲಗಲು ಗೂಡುಗಳಂಥ ಕೋಣೆ ಕಟ್ಟಿದರು. 1946ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ಅದು 15 ಸಲ ಹೋಗಿ ಬಂದು, 13,000ಕ್ಕೂ ಹೆಚ್ಚು ಜನರನ್ನು ಮನೆಗೆ ತಂದಿತು. 240 ಜನರ ಹಡಗಿನಲ್ಲಿ ಒಂದೊಂದು ಸಲಕ್ಕೂ ಸರಾಸರಿ ಎಂಟುನೂರರ ಮೇಲೆ. ಹಬ್ಬದ ಹಿಂದಿನ ದಿನದ ನಮ್ಮ ಬಸ್ಸುಗಳು ನೆನಪಾದವು. ಆ ಹದಿನೈದು ಸಲದಲ್ಲಿ ಯಾರೂ ಇದರ ಕಾಲ್ಗುಣ ಕೇಳಿದಂತೆ ಕಾಣುವುದಿಲ್ಲ.

ಹಾಗೆ ರಬೌಲ್‌ನಿಂದ ಬಂದವರಲ್ಲಿ ಎಡಗೈ ಕಳೆದುಕೊಂಡ ಒಬ್ಬ ಸಿಪಾಯಿ ಇದ್ದ. ಮಿಝುಕಿ ಶಿಗೆರು. ಮುಂದೆ ಉಳಿದ ಒಂದೇ ಕೈಯಲ್ಲಿ ದೆವ್ವ ಭೂತಗಳ ಚಿತ್ರಕಥೆ ಬರೆದು ಜಪಾನಿನ ಮನೆಮಾತಾದವರು. ರೋಗ ತರುವ ದೇವತೆ ಎಂದು ಹೆಸರು ಹೊತ್ತ ಹಡಗು, ದೇಶದ ಎಲ್ಲ ಕ್ಷುದ್ರ ದೇವತೆಗಳನ್ನು ಅಕ್ಕರೆಯಿಂದ ಚಿತ್ರಿಸಿದವನನ್ನು ಮನೆಗೆ ತಂದು ಬಿಟ್ಟಿತು. ಇದನ್ನು ಕಥೆಯಲ್ಲಿ ಬರೆದರೆ ಅತಿಯಾಯಿತು ಎನ್ನುತ್ತಿದ್ದೆವು.

1947ರಲ್ಲಿ ಗೆದ್ದ ದೇಶಗಳು ಉಳಿದ ಹಡಗುಗಳನ್ನು ಹಂಚಿಕೊಂಡವು. ಯುಕಿಕಾಜೆ ಚೀನಾದ ಪಾಲಿಗೆ ಬಂತು. ಬೇರೆಯವರಿಗೆ ಕೊಡುವ ಹಡಗು ಎಂದು ಗೊತ್ತಿದ್ದೂ ನಾವಿಕರು ಅದನ್ನು ಉಜ್ಜಿ, ತೊಳೆದು, ಒಪ್ಪ ಮಾಡಿ ಇಟ್ಟಿದ್ದರು. ಜುಲೈಯಲ್ಲಿ ಶಾಂಘೈನಲ್ಲಿ ಒಪ್ಪಿಸಿದರು. ಹೊಸ ಹೆಸರು ದಾನ್‌ಯಾಂಗ್, ಚೀನಾದ ಒಂದು ಊರಿನ ಹೆಸರು. 1949ರಲ್ಲಿ ಚೀನಾ ಎರಡಾದಾಗ ಸೋತವರ ಜೊತೆ ತೈವಾನಿಗೆ ಹೋಯಿತು. ಸೋತವರ ಜೊತೆ ಇರುವುದು ಅದಕ್ಕೆ ಹೊಸದೇನಲ್ಲ ಬಿಡಿ. ಅಲ್ಲಿ ಮತ್ತೆ ತೋಪು ಹಚ್ಚಿದರು, ಮೊದಲು ಜಪಾನಿನವು, ಕೆಲವು ವರ್ಷದ ಬಳಿಕ ಅಮೆರಿಕದವು. ಅಮೆರಿಕದ ಗುಂಡಿನಿಂದ ನಾಲ್ಕು ವರ್ಷ ತಪ್ಪಿಸಿಕೊಂಡ ಹಡಗಿಗೆ ಅಮೆರಿಕದ್ದೇ ತೋಪು!

1954ರ ಜೂನ್‌ನಲ್ಲಿ ಅದು ತುಆಪ್ಸೆ ಎಂಬ ಸೋವಿಯತ್ ತೈಲ ಹಡಗನ್ನು ತೈವಾನಿನ ದಕ್ಷಿಣಕ್ಕೆ ಅಡ್ಡಗಟ್ಟಿ ಹಿಡಿಯಿತು. ಅದರ 49 ಜನರಲ್ಲಿ ಕೊನೆಯವರು ಊರಿಗೆ ಮರಳಿದ್ದು 1988ರಲ್ಲಿ. ಮೂವತ್ತನಾಲ್ಕು ವರ್ಷ. ಸಾವಿರಾರು ಜನರನ್ನು ಮನೆಗೆ ತಲುಪಿಸಿದ ಹಡಗೇ ಈ ಕೆಲವರನ್ನು ಮನೆಯಿಂದ ದೂರ ಮಾಡಿತು. ಕೆಲಸ ಹೇಳುವವರು ಬದಲಾಗುತ್ತಿದ್ದರು, ಹಡಗು ಹೇಳಿದ್ದು ಮಾಡುತ್ತಿತ್ತು.

1966ರಲ್ಲಿ ನಿವೃತ್ತಿ. ಜಪಾನಿನ ಹಳೇ ನಾವಿಕರು ಹಡಗನ್ನು ವಾಪಸ್ ಕೊಡಿ, ನೆನಪಿಗೆ ಇಟ್ಟುಕೊಳ್ಳುತ್ತೇವೆ ಎಂದು ಕೇಳಿಕೊಂಡರು. ಆದರೆ ಅದನ್ನು ಒಡೆದು ಗುಜರಿಗೆ ಹಾಕಿದರು. 1971ರಲ್ಲಿ ಜಪಾನಿಗೆ ಬಂದದ್ದು ಎರಡೇ ವಸ್ತು: ಒಂದು ಲಂಗರು, ಒಂದು ಚುಕ್ಕಾಣಿ ಚಕ್ರ. ಎರಡೂ ಹಿರೊಶಿಮಾ ಬಳಿಯ ಎತಾಜಿಮಾ ದ್ವೀಪದ ಹಳೆಯ ನೌಕಾ ಶಾಲೆಯಲ್ಲಿವೆ. ಪ್ರೊಪೆಲ್ಲರ್ ತೈವಾನಿನ ನೌಕಾ ಅಕಾಡೆಮಿಯಲ್ಲೇ ಉಳಿಯಿತು. ಒಬ್ಬಳೇ ತಾಯಿಯ ಒಡವೆ ಅಕ್ಕತಂಗಿಯರ ನಡುವೆ ಪಾಲಾದ ಹಾಗೆ.

ಅಜ್ಜಿ ಹೋದಾಗ ನಮ್ಮಲ್ಲಿ ಪಾಲಾಗಲು ಹೆಚ್ಚೇನೂ ಇರಲಿಲ್ಲ. ಒಂದು ಜೊತೆ ಬೆಂಡೋಲೆ ಅಮ್ಮನಿಗೆ, ಅಡಿಕೆ ಕತ್ತರಿ ನನಗೆ. ಆಕೆಯನ್ನು ಹಿಂದಿನಿಂದ ಆಡಿಕೊಂಡವರ ಮನೆಗಳ ಎಷ್ಟು ಹೆರಿಗೆಗೆ, ಎಷ್ಟು ಜ್ವರಕ್ಕೆ ಅಜ್ಜಿ ರಾತ್ರಿ ಎದ್ದು ಹೋಗಿದ್ದಳು ಎಂದು ತಿಥಿಯ ದಿನ ಅವರೇ ಬಂದು ಹೇಳಿದರು. ಆಗ ಕೇಳಿಸಿಕೊಳ್ಳಲು ಆಕೆ ಇರಲಿಲ್ಲ.

ನಿನ್ನೆ ರಾತ್ರಿ ಮಗ ಮುಖ ಸಪ್ಪೆ ಮಾಡಿಕೊಂಡು ಬಂದ. ಹಿಂಭಾಗದ ಮೇಲಿನ ತೋಪಿನ ಭಾಗ ಮಂಚದ ಕೆಳಗೆಲ್ಲೋ ಕಳೆದುಹೋಗಿದೆ. ಟಾರ್ಚ್ ಹಿಡಿದು ಹುಡುಕಿದೆವು, ಸಿಗಲಿಲ್ಲ. 1944ರ ಹೊತ್ತಿಗೆ ಆ ತೋಪನ್ನು ನಿಜವಾಗಿಯೂ ತೆಗೆದುಹಾಕಿ, ಆ ಜಾಗದಲ್ಲಿ ವಿಮಾನ ಹೊಡೆಯುವ ಸಣ್ಣ ತೋಪುಗಳನ್ನು ಇಟ್ಟಿದ್ದರು ಎಂದು ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ಆ ಸಣ್ಣವೂ ಎಲ್ಲಿಟ್ಟಿದ್ದಾನೋ ಅವನಿಗೇ ಗೊತ್ತಿಲ್ಲ.

"ಹಾಗಾದ್ರೆ 1946ರ ಹಡಗು ಮಾಡೋಣ. ತೋಪೇ ಬೇಡ" ಎಂದೆ.

ಈಗ ಹಳೇ ಮದುವೆ ಕರೆಯೋಲೆಯ ರಟ್ಟು ಕತ್ತರಿಸಿ ಡೆಕ್ ಮೇಲಿನ ಕೋಣೆಗಳನ್ನು ಮಾಡುತ್ತಿದ್ದೇವೆ. ಅಳತೆ ಅಂದಾಜು. ಜನರನ್ನೂ ಇಡಬೇಕು ಎಂದು ಅವನ ಹಟ. ಅಡುಗೆಮನೆಯ ಮಸಾಲೆ ಡಬ್ಬಿ ಮೇಜಿಗೆ ಬಂದಿದೆ. ಎಂಟುನೂರು ಸಾಸಿವೆ ಕಾಳು ಎಣಿಸಿ ಒಂದೊಂದಾಗಿ ಅಂಟಿಸುತ್ತಾನಂತೆ. ಅರವತ್ತು ಆಗಿದೆ.